ಮುಗಿಸಿಬಿಡೋಣ ಎನ್ನುವ ಮೊದಲು

(ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಕ್ಕಳು ಕನ್ನಡ ತರಗತಿ ಮುಗಿಸಿ ಪಕ್ಕದ ಕೋಣೆಯಲ್ಲಿ ಚುರುಮುರಿ ತಿನ್ನುತ್ತಿದ್ದಾರೆ. ಅವರು ಇಲ್ಲದಿರುವಾಗಲೇ ಆಡಬೇಕಾದ ಮಾತು ಇದು, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೂರು ವಾರದ ಹಿಂದೆ ಇದೇ ಹಾಲಿನ ಬಾಗಿಲಲ್ಲಿ ಒಬ್ಬ ತಂದೆ ನನ್ನನ್ನು ತಡೆದು ನಿಲ್ಲಿಸಿದರು. “ಮೇಡಂ, ನಮ್ಮ ಹುಡುಗ ಇಯರ್ 9. ಮ್ಯಾಥ್ಸ್‌ನಲ್ಲಿ ಕ್ಲಾಸಿಗೇ ಮುಂದಿದ್ದಾನೆ. ಜಿಸಿಎಸ್‌ಇ ಮ್ಯಾಥ್ಸ್ ಈ ಬೇಸಿಗೆಯಲ್ಲೇ ಬರೆಸಿ ಮುಗಿಸಿಬಿಡೋಣ ಅಂತಿದ್ದೀವಿ. ನೀವೇನಂತೀರಿ?” ಹುಡುಗ ಪಕ್ಕದಲ್ಲೇ ನಿಂತು ಜಾಕೆಟ್ಟಿನ ಜಿಪ್ ಎಳೆಯುತ್ತಿದ್ದ. ನಾನು ಆವತ್ತು ಉತ್ತರ ಹೇಳಲಿಲ್ಲ. ಯೋಚಿಸಿ ಹೇಳುತ್ತೇನೆ ಅಂದೆ.

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ‘ಮುಗಿಸಿಬಿಡೋಣ’ ಕಿವಿಯಲ್ಲೇ ಇತ್ತು. ಕನ್ನಡದಲ್ಲಿ ಕ್ರಿಯಾಪದಕ್ಕೆ ‘ಬಿಡು’ ಅಂಟಿಸಿದರೆ ಕೆಲಸ ಪೂರ್ತಿಯಾಗಲಿ ಅಂತ ಅರ್ಥ. ತಿಂದುಬಿಡು, ಬರೆದುಬಿಡು, ಹೇಳಿಬಿಡು. ಅದೇ ‘ಬಿಡು’ ಒಂಟಿಯಾಗಿ ನಿಂತರೆ ಕೈಬಿಡು, ತೊರೆ ಅಂತ ಅರ್ಥ. ಹದಿಮೂರು ವರ್ಷದ ಮಗುವಿಗೆ ನಾವು ‘ಗಣಿತ ಮುಗಿಸಿಬಿಡು’ ಅಂದಾಗ ಅದಕ್ಕೆ ಯಾವ ‘ಬಿಡು’ ಕೇಳಿಸುತ್ತದೆ? ನನ್ನ ಮಗಳಿಗೆ ಎರಡನೆಯದು ಕೇಳಿಸಿತು. ಆ ಕತೆಯನ್ನು ಹೇಳಲೇಬೇಕೆಂದು ಇವತ್ತು ಇಲ್ಲಿ ನಿಂತಿದ್ದೇನೆ.

ಈಚೆಗೆ ಬಂದ ಕುಟುಂಬಗಳು ಬಹಳ ಇರುವುದರಿಂದ ಮೊದಲು ಎರಡು ಮಾತಲ್ಲಿ ಇಲ್ಲಿನ ವ್ಯವಸ್ಥೆ ಹೇಳುತ್ತೇನೆ. ಜಿಸಿಎಸ್‌ಇ ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿಯ ಜಾಗದಲ್ಲಿರುವ ಪರೀಕ್ಷೆ. ಹಳೆಯ ಓ ಲೆವೆಲ್ ಮತ್ತು ಸಿಎಸ್‌ಇ ಎರಡನ್ನೂ ತೆಗೆದು ತಂದದ್ದು. ಮೊದಲ ಪರೀಕ್ಷೆ ನಡೆದದ್ದು 1988ರಲ್ಲಿ. ಮಕ್ಕಳು ಸಾಮಾನ್ಯವಾಗಿ ಇಯರ್ 11ರ ಕೊನೆಗೆ, ಹದಿನೈದು–ಹದಿನಾರರ ವಯಸ್ಸಿಗೆ ಬರೆಯುತ್ತಾರೆ. ಗಣಿತದಲ್ಲಿ 9ರಿಂದ 1ರವರೆಗಿನ ಗ್ರೇಡು ಬಂದದ್ದು 2017ರಿಂದ. ಎರಡು ಹಂತ ಇದೆ: ಫೌಂಡೇಶನ್ ಬರೆದರೆ ಹೆಚ್ಚೆಂದರೆ 5, ಹೈಯರ್ ಬರೆದರೆ 9ರವರೆಗೆ. ಎಡೆಕ್ಸೆಲ್, ಎಕ್ಯೂಎ ಬೋರ್ಡುಗಳಲ್ಲಿ ಒಂದೂವರೆ ಗಂಟೆಯ, 80 ಅಂಕದ ಮೂರು ಪೇಪರು, ಒಟ್ಟು 240. ಮೊದಲನೆಯದಕ್ಕೆ ಕ್ಯಾಲ್ಕುಲೇಟರ್ ಇಲ್ಲ.

ಈ ಮೊದಲನೆಯ ಪೇಪರೇ ನಮ್ಮವರನ್ನು ಮೋಸಗೊಳಿಸುತ್ತದೆ. ನಮ್ಮ ಮನೆಗಳಲ್ಲಿ ಮಗ್ಗಿ ಗಟ್ಟಿ. ಇಪ್ಪತ್ತರ ಮಗ್ಗಿ ಬಾಯಲ್ಲಿರುವ ಮಗು ಕ್ಯಾಲ್ಕುಲೇಟರ್ ಇಲ್ಲದ ಪೇಪರಿನಲ್ಲಿ ಸರಸರ ಓಡುತ್ತದೆ, ನಾವು ‘ಇವನಿಗೆ ಎಲ್ಲ ಬರುತ್ತೆ’ ಅಂದುಕೊಳ್ಳುತ್ತೇವೆ. ನಮ್ಮ ಬೆಂಗಳೂರಿನ ಶಕುಂತಲಾದೇವಿಯವರು 1980ರ ಜೂನ್ 18ರಂದು ಇದೇ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಆ ಹೆಮ್ಮೆ ನನಗೂ ಇದೆ. ಆದರೆ ಲೆಕ್ಕದ ವೇಗ ಒಂದು, ಪರೀಕ್ಷೆಯ ಅಂಕ ಇನ್ನೊಂದು, ಗಣಿತದ ತಿಳಿವಳಿಕೆ ಮತ್ತೊಂದು. ಒಂದಿದ್ದರೆ ಉಳಿದೆರಡೂ ಇರುತ್ತವೆ ಅಂತೇನಿಲ್ಲ.

ಉದಾಹರಣೆಗೆ ಒಂದು ಪ್ರಶ್ನೆ ನೋಡೋಣ. 2015ರ ಜೂನ್‌ನಲ್ಲಿ ಎಡೆಕ್ಸೆಲ್ ಪೇಪರಿನಲ್ಲಿ ಬಂದು ದೇಶದ ಮಕ್ಕಳೆಲ್ಲ ಟ್ವಿಟರಿನಲ್ಲಿ ಗೋಳಾಡಿದ ಪ್ರಶ್ನೆ. ಹನ್ನಾ ಅನ್ನೋ ಹುಡುಗಿಯ ಹತ್ತಿರ ಒಂದು ಚೀಲದಲ್ಲಿ ಒಟ್ಟು ‘ಎನ್’ ಮಿಠಾಯಿ ಇವೆ. ಅದರಲ್ಲಿ ಆರು ಕಿತ್ತಳೆ ಬಣ್ಣದವು, ಉಳಿದವು ಹಳದಿ. ಕಣ್ಣುಮುಚ್ಚಿ ಒಂದು ತೆಗೆದು ತಿಂದಳು, ಆಮೇಲೆ ಇನ್ನೊಂದು ತೆಗೆದು ತಿಂದಳು. ಎರಡೂ ಕಿತ್ತಳೆಯೇ ಆಗಿರುವ ಸಂಭವ ಮೂರರಲ್ಲಿ ಒಂದು. ಎನ್ ಸ್ಕ್ವೇರ್ ಮೈನಸ್ ಎನ್ ಮೈನಸ್ 90 ಸೊನ್ನೆಗೆ ಸಮ ಎಂದು ತೋರಿಸಿ.

ಇದನ್ನು ನಾನು ಪ್ರತಿ ವರ್ಷ ಬೇಗ ಬರೆಯಲು ಹೊರಟ ಮಕ್ಕಳ ಮುಂದೆ ಇಡುತ್ತೇನೆ. ಹಳೆಯ ಪೇಪರು ತಿರುವಿ ತಿರುವಿ ತಯಾರಾದ ಮಗುವಿನ ಕಣ್ಣು ನೇರವಾಗಿ ಆ ಸಮೀಕರಣದ ಮೇಲೆ ಬೀಳುತ್ತದೆ. ಅಪವರ್ತಿಸಿ ‘ಎನ್ ಅಂದರೆ 10’ ಅಂತ ಬರೆದು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡುತ್ತದೆ. ಉತ್ತರ ಸರಿ, ಆದರೆ ಪ್ರಶ್ನೆ ಅದಲ್ಲ. ಸಮೀಕರಣ ಎಲ್ಲಿಂದ ಹುಟ್ಟಿತು ಅಂತ ಕೇಳಿದ್ದಾರೆ. ಮೊದಲ ಸಲ ಕಿತ್ತಳೆ ಸಿಗುವುದು ಎನ್‌ನಲ್ಲಿ ಆರು. ಒಂದು ತಿಂದಾಯಿತಲ್ಲ, ಈಗ ಕಿತ್ತಳೆ ಐದು, ಒಟ್ಟಿನಲ್ಲೂ ಒಂದು ಕಡಿಮೆ. ಎರಡನ್ನೂ ಗುಣಿಸಿ ಮೂರನೇ ಒಂದಕ್ಕೆ ಸಮ ಮಾಡಿದರೆ ಎನ್ ಮತ್ತು ಅದಕ್ಕಿಂತ ಒಂದು ಕಡಿಮೆಯ ಗುಣಲಬ್ಧ 90. ಅಷ್ಟೇ. ಬೀಜಗಣಿತ ನಾಲ್ಕು ಸಾಲು. ಆದರೆ ‘ಒಂದು ತಿಂದಾಯಿತಲ್ಲ’ ಅನ್ನುವ ಜಾಗದಲ್ಲಿ ನಿಂತು ಯೋಚಿಸಬೇಕು. ಹಾಗೆ ನಿಂತು ಯೋಚಿಸುವುದು ಬರುವುದಕ್ಕೆ ಒಂದಿಷ್ಟು ಕಾಲ ಹಿಡಿಯುತ್ತದೆ. ಟ್ಯೂಷನ್ನಿನಿಂದ ಅದನ್ನು ಸ್ವಲ್ಪ ಹತ್ತಿರ ತರಬಹುದು, ಆದರೆ ಕಾಲವನ್ನೇ ಇಲ್ಲವಾಗಿಸಲಾಗದು.

ಇನ್ನು ಬೇಗ ಬರೆಸುವ ಚಾಳಿ ಇಲ್ಲಿ ಎಲ್ಲಿಂದ ಬಂತು ಅನ್ನುವುದು. ಇದು ನಮ್ಮ ಭಾರತೀಯ ಪೋಷಕರ ಹುಚ್ಚು ಮಾತ್ರ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹದಿನೈದು ವರ್ಷದ ಹಿಂದೆ ಇಂಗ್ಲೆಂಡಿನ ಶಾಲೆಗಳೇ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದವು. ಇಂಗ್ಲಿಷ್ ಮತ್ತು ಗಣಿತ ಸೇರಿ ಐದು ವಿಷಯದಲ್ಲಿ ಆಗಿನ ಅಕ್ಷರ ಪದ್ಧತಿಯ ಸಿ ಗ್ರೇಡು ಅಥವಾ ಅದಕ್ಕಿಂತ ಮೇಲೆ ಎಷ್ಟು ಮಕ್ಕಳಿಗೆ ಬಂತು ಅನ್ನುವುದರ ಮೇಲೆ ಶಾಲೆಗಳ ಶ್ರೇಯಾಂಕ ಪಟ್ಟಿ ತಯಾರಾಗುತ್ತಿತ್ತು. ಹಾಗಾಗಿ ಮಗುವಿಗೆ ಬೇಗ ಒಂದು ಸಲ ಬರೆಸು, ಸಿ ಬಂದರೆ ಗಣಿತ ಅಲ್ಲಿಗೆ ನಿಲ್ಲಿಸಿ ಬೇರೆ ವಿಷಯಕ್ಕೆ ಹಚ್ಚು, ಬರದಿದ್ದರೆ ಮತ್ತೆ ಬರೆಸು. ಇನ್ನೂ ಎರಡು ವರ್ಷ ಓದಿದ್ದರೆ ಎ ತೆಗೆಯಬಹುದಾಗಿದ್ದ ಮಕ್ಕಳು ಸಿ ಹಿಡಿದು ಕೂತರು. ಶಿಕ್ಷಣ ಇಲಾಖೆಯ ಅಧ್ಯಯನ, ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್‌ನ ವರದಿ, ಗಣಿತ ಶಿಕ್ಷಣದ ಸಲಹಾ ಸಮಿತಿ ಎಲ್ಲವೂ ಇದರ ವಿರುದ್ಧ ಮಾತಾಡಿದವು. ಕೊನೆಗೆ 2013ರ ಸೆಪ್ಟೆಂಬರಿನಲ್ಲಿ ಆಗಿನ ಶಿಕ್ಷಣ ಸಚಿವ ಮೈಕಲ್ ಗೋವ್ ಒಂದು ನಿಯಮ ತಂದರು: ಶಾಲೆಯ ಪಟ್ಟಿಗೆ ಮಗುವಿನ ಮೊದಲ ಪ್ರಯತ್ನ ಮಾತ್ರ ಲೆಕ್ಕ. ಮಗುವಿಗೆ ತನ್ನ ಒಳ್ಳೆಯ ಗ್ರೇಡು ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಆದರೆ ಶಾಲೆಗೆ ಎರಡನೇ ಅವಕಾಶ ಇಲ್ಲ. ಅಲ್ಲಿಂದ ಶಾಲೆಗಳು ಬೇಗ ಬರೆಸಲು ಹಿಂದೆಮುಂದೆ ನೋಡತೊಡಗಿದವು. ಈಗ ‘ಇಯರ್ 11ರವರೆಗೆ ಕಾಯಿರಿ’ ಅಂತ ನಿಮ್ಮ ಶಾಲೆ ಹೇಳಿದರೆ, ಅದು ನಿಮ್ಮ ಮಗುವನ್ನು ಹಿಂದಕ್ಕೆಳೆಯುವ ಹುನ್ನಾರ ಅಂದುಕೊಳ್ಳಬೇಡಿ. ಪೆಟ್ಟು ತಿಂದು ಕಲಿತ ಪಾಠ ಅದು.

‘ನಮ್ಮ ಕಾಲದಲ್ಲಿ ಡಬಲ್ ಪ್ರಮೋಷನ್ ಇರಲಿಲ್ಲವಾ?’ ಅಂತ ಕೇಳುವವರಿದ್ದಾರೆ. ಇತ್ತು. ನಮ್ಮ ದೊಡ್ಡಪ್ಪ ಎರಡನೇ ಕ್ಲಾಸಿನಿಂದ ನೇರ ನಾಲ್ಕಕ್ಕೆ ಹೋದವರು, ಆ ಮಾತನ್ನು ತೊಂಬತ್ತರ ಇಳಿವಯಸ್ಸಿನಲ್ಲೂ ಹೇಳುತ್ತಿದ್ದರು. ಆದರೆ ಅಲ್ಲಿ ಮಗು ಇಡಿಯಾಗಿ ಮುಂದಿನ ಕ್ಲಾಸಿಗೆ ಹೋಗುತ್ತಿತ್ತು. ಮರುದಿನ ಬೆಳಿಗ್ಗೆ ಅಲ್ಲೊಬ್ಬ ಮೇಷ್ಟ್ರು, ಒಂದು ಪುಸ್ತಕ, ಮುಂದಿನ ಪಾಠ ಕಾದಿರುತ್ತಿತ್ತು. ಇಲ್ಲಿ ಗಣಿತ ಒಂದೇ ಮುಂದೆ ಹೋಗುತ್ತದೆ, ಮಗು ಅದೇ ಇಯರ್ 10ರಲ್ಲಿ ಕೂತಿರುತ್ತದೆ. ಇನ್ನು ಕೆಲವರು ‘ಊರಲ್ಲಿ ಈಗ ಎಸ್‌ಎಸ್‌ಎಲ್‌ಸಿ ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದು, ಇಲ್ಲೂ ಬರೆದು ನೋಡಲಿ’ ಅನ್ನುತ್ತಾರೆ. ಕರ್ನಾಟಕದಲ್ಲಿ 2024ರಿಂದ ಬಂದ ಆ ಪರೀಕ್ಷೆಗಳು ಹತ್ತನೇ ತರಗತಿಯ ಪಾಠ ಪೂರ್ತಿ ಮುಗಿದ ಮೇಲೆ ಬರುವಂಥವು. ಪಾಠಕ್ಕೆ ಮುಂಚೆಯೇ ಬರೆಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ನನ್ನ ಮಗಳ ವಿಚಾರ. ಆಗಲೂ ನಾನು ಗಣಿತದ ಶಿಕ್ಷಕಿಯೇ. ಗೊತ್ತಿಲ್ಲದೆ ಮಾಡಿದೆ ಅನ್ನುವ ನೆಪ ನನಗಿಲ್ಲ. ಅವಳಿಗೆ ಗಣಿತ ಇಷ್ಟವಿತ್ತು. ಕಾರಿನಲ್ಲಿ ಹೋಗುವಾಗ ಮುಂದಿನ ಗಾಡಿಯ ನಂಬರು ಯಾವ ಯಾವ ಸಂಖ್ಯೆಯಿಂದ ಭಾಗವಾಗುತ್ತದೆ ಅಂತ ಹೇಳುತ್ತಾ ಕೂರುವ ಹುಡುಗಿ. ಇಯರ್ 9ರಲ್ಲಿ, ಹೊರಗಿನ ಒಂದು ಪರೀಕ್ಷಾ ಕೇಂದ್ರದಲ್ಲಿ ಖಾಸಗಿಯಾಗಿ ಬರೆಸಿದೆವು. ಗಣಿತಕ್ಕೆ ಕೋರ್ಸ್‌ವರ್ಕ್ ಇಲ್ಲ, ಅರ್ಜಿ ಹಾಕಿ ಫೀಸು ಕಟ್ಟಿದರೆ ಯಾರು ಬೇಕಾದರೂ ಕೂತು ಬರೆಯಬಹುದು. ಆರು ತಿಂಗಳು ಊಟದ ಮೇಜಿನ ಮೇಲೆ ಹಳೆಯ ಪೇಪರುಗಳೇ. ಆಗಸ್ಟಿನಲ್ಲಿ ಗ್ರೇಡ್ 7 ಬಂತು. ಊರಿಗೆ ಫೋನು, ಮನೆಯಲ್ಲಿ ಹೋಳಿಗೆ.

ಹೈಯರ್ ಪೇಪರಿನಲ್ಲಿ 7ಕ್ಕೆ ಎಷ್ಟು ಅಂಕ ಬೇಕು ಗೊತ್ತೇ? ಗಡಿ ಪ್ರತಿ ವರ್ಷ ಬದಲಾಗುತ್ತದೆ, ಆದರೆ ಸಾಮಾನ್ಯವಾಗಿ ಅರ್ಧಕ್ಕೂ ಮೂರನೇ ಎರಡು ಭಾಗಕ್ಕೂ ನಡುವೆ. ಅಂದರೆ 7ರ ಗಡಿಯನ್ನಷ್ಟೇ ದಾಟಿದ ಮಗು ಪೇಪರಿನ ಮೂರನೇ ಒಂದು ಭಾಗದಷ್ಟನ್ನು, ಇಲ್ಲವೇ ಇನ್ನೂ ಹೆಚ್ಚನ್ನು, ಬಿಟ್ಟು ಬಂದಿರುತ್ತದೆ. ಬಿಟ್ಟದ್ದು ಯಾವುದು? ಕಷ್ಟದ ಬೀಜಗಣಿತ, ಸಾಧನೆ (ಅಂದರೆ ಪ್ರೂಫ್), ಫಂಕ್ಷನ್ನು. ನಮ್ಮ ಪಿಯುಸಿಯ ಜಾಗದಲ್ಲಿರುವ ಎ ಲೆವೆಲ್ ಶುರುವಾಗುವುದೇ ಅಲ್ಲಿಂದ. ಹದಿನಾರಕ್ಕೆ 7 ಬಂದರೂ ಅದೇ ತೂತು ಇರುತ್ತದೆ ಅಂತ ನೀವು ಹೇಳಬಹುದು, ಆದರೆ ಆ ಮಗು ಎರಡೇ ತಿಂಗಳಿಗೆ ಮತ್ತೆ ಗಣಿತದ ಕ್ಲಾಸಿನಲ್ಲಿ ಕೂರುತ್ತದೆ. ನನ್ನ ಮಗಳಿಗೆ ಎರಡು ವರ್ಷ ಇತ್ತು.

ಆ ಎರಡು ವರ್ಷ ಏನಾಯಿತು ಅಂದರೆ, ಏನೂ ಆಗಲಿಲ್ಲ. ‘ಇವಳದ್ದು ಮುಗಿದಿದೆಯಲ್ಲ’ ಅಂತ ಶಾಲೆಯವರು ಗಣಿತದ ಪೀರಿಯಡ್ಡಿನಲ್ಲಿ ಲೈಬ್ರರಿಗೆ ಕಳಿಸಿದರು. ಅವಳು ಅಲ್ಲಿ ಕೂತು ಹಿಸ್ಟರಿ ಹೋಂವರ್ಕ್ ಮಾಡಿಕೊಂಡು ಬರುತ್ತಿದ್ದಳು. ನಾನು ಮನೆಯಲ್ಲಿ ಏನಾದರೂ ಹೇಳಿಕೊಡಲು ಹೋದರೆ, “ಅಮ್ಮ, ಅದು ಮುಗೀತಲ್ಲ” ಅನ್ನುತ್ತಿದ್ದಳು. ಆ ಮಾತನ್ನು ಅವಳಿಗೆ ಕಲಿಸಿದ್ದು ನಾನೇ.

ಇಯರ್ 12ಕ್ಕೆ, ಸಿಕ್ಸ್ತ್ ಫಾರ್ಮಿನಲ್ಲಿ, ಎ ಲೆವೆಲ್ ಮ್ಯಾಥ್ಸ್ ತೆಗೆದುಕೊಂಡಳು. ಮೊದಲ ತಿಂಗಳಲ್ಲೇ ಒಂದು ರಾತ್ರಿ ಅಡುಗೆಮನೆಗೆ ಪುಸ್ತಕ ಹಿಡಿದುಕೊಂಡು ಬಂದಳು. ಯಾವುದೇ ಬೆಸ ಸಂಖ್ಯೆಯ ವರ್ಗದಿಂದ ಒಂದು ಕಳೆದರೆ ಉಳಿದದ್ದು 8ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದು ಸಾಧಿಸಬೇಕಿತ್ತು. ಬೆಸ ಸಂಖ್ಯೆ ಅಂದರೆ ಎರಡು ಎನ್ ಪ್ಲಸ್ ಒಂದು ಅಂತ ಬರೆದಿದ್ದಳು, ವರ್ಗ ಮಾಡಿದ್ದಳು, ಒಂದು ಕಳೆದಿದ್ದಳು. ‘ನಾಲ್ಕು ಎನ್ ಸ್ಕ್ವೇರ್ ಪ್ಲಸ್ ನಾಲ್ಕು ಎನ್’ ಅನ್ನುವಲ್ಲಿ ನಿಂತುಬಿಟ್ಟಿದ್ದಳು. “ನಾಲ್ಕು ಬಂತು, ಎಂಟು ಎಲ್ಲಿಂದ ತರಲಿ?” ಅಂದಳು. ಹೊರಗೆ ತೆಗೆದು ನೋಡಿದರೆ ನಾಲ್ಕು ಗುಣಿಸು ಎನ್ ಗುಣಿಸು ಎನ್ ಪ್ಲಸ್ ಒಂದು. ಎನ್ ಮತ್ತು ಅದರ ಮುಂದಿನ ಸಂಖ್ಯೆ, ಅಕ್ಕಪಕ್ಕದವು. ಅವೆರಡರಲ್ಲಿ ಒಂದು ಸಮಸಂಖ್ಯೆ ಆಗಲೇಬೇಕು. ಇನ್ನೊಂದು ಎರಡು ಅಲ್ಲೇ ಅಡಗಿದೆ. ಕಾರಿನ ನಂಬರುಗಳನ್ನು ಒಡೆಯುತ್ತಿದ್ದ ಹುಡುಗಿಗೆ ಹನ್ನೆರಡನೇ ವಯಸ್ಸಿನಲ್ಲಿ ಇದು ಹೊಳೆಯುತ್ತಿತ್ತು, ನನಗೆ ಅನುಮಾನವೇ ಇಲ್ಲ. ಹದಿನಾರಕ್ಕೆ ಹೊಳೆಯಲಿಲ್ಲ. ಯಾಕೆಂದರೆ ನಡುವಿನ ಅಷ್ಟೂ ಕಾಲ ಅವಳು ಗಣಿತ ಅಂದರೆ ‘ಬರೆದು ತಿದ್ದಿ ಅಂಕ ಎಣಿಸುವುದು’ ಅಂದುಕೊಂಡಿದ್ದಳು. ವರ್ಷದ ಕೊನೆಗೆ ಗಣಿತ ಬಿಟ್ಟಳು. ಅವಳ ಬದುಕೇನೂ ಹಾಳಾಗಿಲ್ಲ, ಬೇರೆ ಓದಿ ಸಂತೋಷವಾಗಿದ್ದಾಳೆ. ಆದರೆ ಇಷ್ಟದ ಒಂದು ವಸ್ತು ಅವಳ ಕೈಯಿಂದ ಜಾರಿತು, ಜಾರಿಸಿದ್ದರಲ್ಲಿ ನನ್ನ ಕೈಯಿತ್ತು.

ಹಾಗಾದರೆ ಬೇಗ ಬರೆಸಲೇಬಾರದೇ? ನಾನು ಹಾಗೆ ಹೇಳುತ್ತಿಲ್ಲ. ‘ಈ ಮಗು ಪಾಸಾಗುತ್ತದೆಯೇ’ ಅನ್ನುವ ಪ್ರಶ್ನೆಯಿಂದ ಹೊರಡಬೇಡಿ ಅನ್ನುತ್ತಿದ್ದೇನೆ. ‘ಪರೀಕ್ಷೆಯಾದ ಮೇಲೆ ಸೆಪ್ಟೆಂಬರಿನ ಮೊದಲ ಸೋಮವಾರ ಗಣಿತದ ಪೀರಿಯಡ್ಡಿನಲ್ಲಿ ಈ ಮಗು ಏನು ಮಾಡುತ್ತಿರುತ್ತದೆ’ ಅಂತ ಕೇಳಿಕೊಳ್ಳಿ. ಅದಕ್ಕೆ ನಿಖರವಾದ ಉತ್ತರ ಸಿಕ್ಕರೆ, ಯಾರು ಕಲಿಸುತ್ತಾರೆ, ಏನು ಕಲಿಸುತ್ತಾರೆ, ವಾರಕ್ಕೆ ಎಷ್ಟು ಹೊತ್ತು ಅಂತ ಬರೆದಿಡುವಷ್ಟು ನಿಖರವಾಗಿ ಸಿಕ್ಕರೆ, ಬರೆಸಿ.

ಅಂಥ ಸಂದರ್ಭಗಳಿವೆ. ಕೆಲವು ಶಾಲೆಗಳಲ್ಲಿ ಮೇಲಿನ ಸೆಟ್ (ಗಣಿತದಲ್ಲಿ ಮುಂದಿರುವ ಮಕ್ಕಳ ಗುಂಪು) ಪೂರ್ತಿಯಾಗಿ ಇಯರ್ 10ರಲ್ಲಿ ಬರೆದು, ಇಯರ್ 11ರಲ್ಲಿ ಎಕ್ಯೂಎಯ ಲೆವೆಲ್ 2 ಫರ್ದರ್ ಮ್ಯಾಥ್ಸ್ ಓದುತ್ತದೆ. ಮಗುವಿಗೆ ಜೊತೆಗಾರರಿದ್ದಾರೆ, ಮೇಷ್ಟ್ರಿದ್ದಾರೆ, ಮುಂದೆ ಗಟ್ಟಿಯಾದದ್ದೇನೋ ಇದೆ. ಮನೆಯಲ್ಲೇ ಓದುವ ಮಕ್ಕಳು ಎಲ್ಲ ವಿಷಯವನ್ನೂ ಒಂದೇ ಬೇಸಿಗೆಗೆ ಗುಡ್ಡೆ ಹಾಕಿಕೊಳ್ಳದೆ ಎರಡು ಮೂರು ವರ್ಷಕ್ಕೆ ಹಂಚಿಕೊಳ್ಳುವುದೂ ಸರಿಯೇ. ಕಾಯಿಲೆಯಿಂದ ಶಾಲೆ ಆಗಾಗ ತಪ್ಪುವ ಮಗುವಿಗೆ ಒಂದು ವಿಷಯದ ಭಾರ ಮೊದಲೇ ಇಳಿದರೆ ಎಷ್ಟೋ ನಿರಾಳ. ಊರಿಗೆ ವಾಪಸ್ ಹೋಗುವವರು ಮಾತ್ರ ‘ಒಂದು ಸರ್ಟಿಫಿಕೇಟಾದರೂ ಕೈಯಲ್ಲಿರಲಿ’ ಅಂತ ಬರೆಸಬೇಡಿ. ಬೆಂಗಳೂರಿನ ಪಿಯುಸಿಗೆ ಸೇರಲು ಗಣಿತದ ಒಂದೇ ಸರ್ಟಿಫಿಕೇಟ್ ಸಾಲದು.

ಇನ್ನು ನಿಜವಾಗಿ ಅಸಾಧಾರಣ ಮಕ್ಕಳು. ರೂತ್ ಲಾರೆನ್ಸ್ ಹೆಸರು ಕೇಳಿರುತ್ತೀರಿ. ಒಂಬತ್ತಕ್ಕೆ ಓ ಲೆವೆಲ್ ಗಣಿತ, ಹನ್ನೆರಡಕ್ಕೆ ಆಕ್ಸ್‌ಫರ್ಡ್, 1985ರಲ್ಲಿ ಹದಿಮೂರಕ್ಕೆ ಪದವಿ. ಆಸ್ಟ್ರೇಲಿಯಾದ ಟೆರೆನ್ಸ್ ಟಾವ್ 1986, 87, 88ರ ಗಣಿತ ಒಲಿಂಪಿಯಾಡುಗಳಲ್ಲಿ ಕ್ರಮವಾಗಿ ಕಂಚು, ಬೆಳ್ಳಿ, ಚಿನ್ನ ಗೆದ್ದ ಹುಡುಗ. 2006ರಲ್ಲಿ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕವೂ ಬಂತು. ಇವರ ಹೆಸರು ಹೇಳಿಕೊಂಡು ನನ್ನ ಹತ್ತಿರ ಬರುವ ಪೋಷಕರಿಗೆ ನಾನು ಒಂದೇ ಮಾತು ಹೇಳುತ್ತೇನೆ: ಇವರ ಪರೀಕ್ಷೆಯ ವಯಸ್ಸನ್ನು ನೋಡಬೇಡಿ, ಪರೀಕ್ಷೆಯ ಮರುದಿನವನ್ನು ನೋಡಿ. ಇಬ್ಬರಿಗೂ ಗಣಿತ ಎಲ್ಲೂ ನಿಲ್ಲಲಿಲ್ಲ. ಹಿಂದಿನದಕ್ಕಿಂತ ಕಷ್ಟದ್ದು ಪ್ರತಿ ಸಲವೂ ಮುಂದೆ ಕಾದಿತ್ತು.

ನಮ್ಮ ನಿಮ್ಮ ಚುರುಕು ಮಕ್ಕಳಿಗೆ ಏನು ಕೊಡಬೇಕು ಅಂದರೆ ಆಳ ಕೊಡಿ. ಈ ದೇಶದಲ್ಲಿ ಶಾಲಾ ಗಣಿತ ಸ್ಪರ್ಧೆಗಳನ್ನು ಕಟ್ಟಿ ಬೆಳೆಸಿದ ಬರ್ಮಿಂಗ್‌ಹ್ಯಾಮಿನ ಟೋನಿ ಗಾರ್ಡಿನರ್ ತಮ್ಮ ಜೀವಮಾನವಿಡೀ ವಾದಿಸಿದ್ದು ಇದನ್ನೇ. ಅವರ ಶ್ರಮದಿಂದ 1996ರಲ್ಲಿ ಹುಟ್ಟಿದ ಯುಕೆಎಂಟಿ (ಯುಕೆ ಮ್ಯಾಥಮೆಟಿಕ್ಸ್ ಟ್ರಸ್ಟ್) ನಡೆಸುವ ಇಂಟರ್‌ಮೀಡಿಯೆಟ್ ಚಾಲೆಂಜ್ ಪೇಪರನ್ನು ಒಮ್ಮೆ ತೆರೆದು ನೋಡಿ. ಒಂದು ಗಂಟೆ, 25 ಪ್ರಶ್ನೆ. ಪಠ್ಯದ ಹೊರಗಿನ ಸೂತ್ರ ಯಾವುದೂ ಬೇಕಿಲ್ಲ, ಆದರೆ ಕೊನೆಯ ಐದು ಪ್ರಶ್ನೆ ನನ್ನನ್ನೂ ಕಾಡುತ್ತವೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎನ್‌ರಿಚ್ ಅನ್ನುವ ಗಣಿತ ಪ್ರಶ್ನೆಗಳ ಸಂಗ್ರಹ ಪುಕ್ಕಟೆಯಾಗಿ ಸಿಗುತ್ತದೆ. ಟ್ಯೂಷನ್ನಿಗೆ ಹಾಕುವ ದುಡ್ಡಿನಲ್ಲಿ ಅರ್ಧವನ್ನು ಉಳಿಸಿಕೊಂಡು, ವಾರಕ್ಕೆ ಒಂದು ಸಂಜೆ ಮಗುವಿನ ಜೊತೆ ಒಂದೇ ಒಂದು ಪ್ರಶ್ನೆ ಹಿಡಿದು ಕೂತುಕೊಳ್ಳಿ. ನಿಮಗೆ ಗಣಿತ ಬರಬೇಕು ಅಂತಿಲ್ಲ. ‘ಯಾಕೆ?’ ಅಂತ ಕೇಳಲು ಬಂದರೆ ಸಾಕು.

ಬರೆಸುವುದೇ ಅಂತ ನಿರ್ಧರಿಸಿದವರಿಗೆ ಒಂದೆರಡು ವ್ಯಾವಹಾರಿಕ ಮಾತು. ಮೇ–ಜೂನ್ ಪರೀಕ್ಷೆಗೆ ಫೆಬ್ರವರಿಯೊಳಗೆ ಹೆಸರು ಕೊಡಬೇಕು. ನವೆಂಬರಿನ ಪರೀಕ್ಷೆ ಆ ವರ್ಷದ ಆಗಸ್ಟ್ 31ಕ್ಕೆ ಹದಿನಾರು ತುಂಬಿದವರಿಗೆ ಮಾತ್ರ, ಹಾಗಾಗಿ ಚಿಕ್ಕ ಮಗು ಒಂದು ಸಲ ಎಡವಿದರೆ ಇಡೀ ವರ್ಷ ಕಾಯಬೇಕು. ಮತ್ತೆ, ದಯವಿಟ್ಟು ಶಾಲೆಗೆ ಹೇಳದೆ ಹೊರಗೆ ಬರೆಸಬೇಡಿ. ಗಣಿತದ ಹೆಡ್ ಜೊತೆ ಕೂತು ಮಾತಾಡಿ. ‘ಮುಂದಿನ ವರ್ಷ ಇವಳಿಗೆ ಏನು ಕೊಡುತ್ತೀರಿ?’ ಅಂತ ಕೇಳಿ. ನಾನು ಅದನ್ನು ಕೇಳಲಿಲ್ಲ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ, ಅವರ ತಂದೆ ಇಲ್ಲೇ ಕೂತಿದ್ದಾರೆ, ಹೇಳಲು ಒಪ್ಪಿದ್ದಾರೆ. ಹಿಂದಿನ ವಾರ ಅವನಿಗೆ ನನ್ನ ಮಗಳನ್ನು ನಿಲ್ಲಿಸಿದ ಅದೇ ಬೆಸ ಸಂಖ್ಯೆಯ ಪ್ರಶ್ನೆ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಗಡುವು ಇಲ್ಲ, ಅಂಕ ಇಲ್ಲ ಅಂದೆ. ಇವತ್ತು ಬೆಳಿಗ್ಗೆ ಅದೇ ಚೀಟಿಯ ಹಿಂಭಾಗ ತುಂಬಿಸಿಕೊಂಡು ಬಂದಿದ್ದಾನೆ. ಸಾಧನೆ ಇನ್ನೂ ಪೂರ್ತಿಯಾಗಿಲ್ಲ. ಅದರ ಬದಲು 3ರಿಂದ ಶುರುಮಾಡಿ 25ರವರೆಗಿನ ಬೆಸ ಸಂಖ್ಯೆಗಳನ್ನೆಲ್ಲ ವರ್ಗ ಮಾಡಿ, ಒಂದೊಂದು ಕಳೆದು, ಸಾಲಾಗಿ ಬರೆದಿದ್ದಾನೆ. ಕೆಲವಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾನೆ. 24, 48, 120, 168.

“ಆಂಟಿ, ಬರೀ ಎಂಟಲ್ಲ. ಇವೆಲ್ಲ ಇಪ್ಪತ್ನಾಲ್ಕರಿಂದ ಹೋಗ್ತವೆ. ಮೂರು, ಒಂಬತ್ತು, ಹದಿನೈದು, ಇಪ್ಪತ್ತೊಂದು, ಇವು ಮಾತ್ರ ಕೈಕೊಡ್ತವೆ. ಮೂರರ ಮಗ್ಗೀಲಿ ಇರೋವೇ ಯಾಕೆ?”